ತಂಗುಮನೆ ಸಾಮಗ್ರಿಗಳ ಪ್ರಮಾಣೀಕರಣ

ಒಂದೆರಡು ರಾತ್ರಿಗಳಿಂದ ಕೆಲವು ವಾರಗಳವರೆಗೆ ಬಾಡಿಗೆಗೆ ಸಿಗುವ ಮನೆ, ಕೋಣೆ, ಹೋಂಸ್ಟೇಗಳಲ್ಲಿ ಹಾಸಿಗೆ ಬಟ್ಟೆ, ಟವೆಲ್, ಸೋಪು, ಪಾತ್ರೆ ಮುಂತಾದವು ಯಾವುವು, ಎಷ್ಟೆಷ್ಟು ಇರಬೇಕೆಂದು ಮೊದಲೇ ಗೊತ್ತುಪಡಿಸುವ ಪದ್ಧತಿ. ಹೋಟೆಲುಗಳಲ್ಲಿ ಇದು 20ನೇ ಶತಮಾನದ ಆರಂಭದಲ್ಲಿ ರೂಪುಗೊಂಡಿತು. ಖಾಸಗಿ ಮನೆಗಳಲ್ಲಿ ವ್ಯಾಪಕವಾಗಿ ನೆಲೆಯೂರಿದ್ದು ಅಂತರ್ಜಾಲದ ಮೂಲಕ ತಂಗುಮನೆ ಕಾದಿರಿಸುವ ರೂಢಿ ಬೆಳೆದ ಮೇಲೆ. ಹಾಸಿಗೆ ತರಬೇಕಾದವರು ಬಂದವರೋ ಮನೆಯವರೋ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಇದರ ಇತಿಹಾಸ.

ಬಹುಕಾಲ ಆ ಹೊಣೆ ಬಂದವರದೇ ಆಗಿತ್ತು. ನಮ್ಮ ಛತ್ರಗಳಲ್ಲಿ ಸೂರು, ನೀರು, ಕೆಲವೆಡೆ ಅಡುಗೆ ಪಾತ್ರೆಗಳು ಸಿಗುತ್ತಿದ್ದವು. ಚಾಪೆ, ಹೊದಿಕೆ ಪ್ರಯಾಣಿಕರವು. ಬ್ರಿಟಿಷರ ಕಾಲದ ಡಾಕ್ ಬಂಗಲೆಯಲ್ಲಿ ಮಂಚ, ಮೇಜು, ಕುರ್ಚಿಗಳಿದ್ದವು, ಅಡುಗೆಗೆ ಖಾನ್ಸಾಮ ಇರುತ್ತಿದ್ದ. ಹಾಸಿಗೆಯನ್ನು ಮಾತ್ರ ಹೋಲ್ಡಾಲಿನಲ್ಲಿ ಸುತ್ತಿ ಹೊತ್ತು ತರಬೇಕಿತ್ತು. ಇಂಗ್ಲೆಂಡಿನಲ್ಲಿ 1851ರ ಸಾಮಾನ್ಯ ವಸತಿಗೃಹ ಕಾಯ್ದೆ ಬಡವರು ತಂಗುವ ಮನೆಗಳ ಗೋಡೆ, ಚಾವಣಿಗಳಿಗೆ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಸುಣ್ಣ ಹೊಡೆಸುವುದನ್ನು ಕಡ್ಡಾಯ ಮಾಡಿತು. ಅದರ ಉದ್ದೇಶ ಸಾಂಕ್ರಾಮಿಕ ರೋಗಗಳನ್ನು ತಡೆಯುವುದು. ತಂಗಿದವರ ಅನುಕೂಲ ಅದರ ಲೆಕ್ಕದಲ್ಲಿರಲಿಲ್ಲ. ಅಲ್ಲಿಯ ಕಡಲತೀರದ ಊರುಗಳಲ್ಲಿ ಮನೆ ಬಾಡಿಗೆಗೆ ಕೊಡುವವರು ಮೇಜಿನ ಮೇಲಿನ ಉಪ್ಪು, ಮೆಣಸು, ವಿನಿಗರ್ ಬಳಸಿದ್ದಕ್ಕೂ ಬೇರೆ ದರ ಹಾಕುತ್ತಿದ್ದರು. ಬಾಡಿಗೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬ ತಕರಾರು ಅಷ್ಟು ಹಳೆಯದು.

ಈ ತಕರಾರಿಗೆ ತೆರೆ ಎಳೆಯುವ ದಾರಿಯನ್ನು ಮೊದಲು ತೋರಿಸಿದ್ದು ಅಮೆರಿಕದ ಹೋಟೆಲುಗಳು. ಎಲ್ಸ್‌ವರ್ತ್ ಸ್ಟ್ಯಾಟ್ಲರ್ 1908ರಲ್ಲಿ ಬಫಲೋ ನಗರದಲ್ಲಿ ತೆರೆದ ಹೋಟೆಲಿನ ಪ್ರತಿ ಕೋಣೆಗೂ ಸ್ವಂತ ಬಚ್ಚಲು, ಫೋನು, ಬಾಗಿಲ ಪಕ್ಕದಲ್ಲೇ ದೀಪದ ಸ್ವಿಚ್ಚು ಇದ್ದವು. ದರ ಒಂದೂವರೆ ಡಾಲರ್‌ನಿಂದ ಆರಂಭ. ಮಧ್ಯಮ ದರ ಕೊಡುವವರಿಗೂ ಒಂದೇ ಬಗೆಯ ಸೌಕರ್ಯ ಸಿಗಬೇಕೆಂಬ ಈ ನಿಲುವು ದೊಡ್ಡ ಹೆಜ್ಜೆ. ಕೆಮನ್ಸ್ ವಿಲ್ಸನ್ ಅದನ್ನು ಹೆದ್ದಾರಿಗೆ ತಂದರು. 1951ರಲ್ಲಿ ಸಂಸಾರ ಸಮೇತ ಪ್ರವಾಸ ಹೋದಾಗ ಮಕ್ಕಳ ಲೆಕ್ಕಕ್ಕೂ ಹಣ ಕೇಳುವ, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇಲ್ಲದ ಮೋಟೆಲುಗಳಿಂದ ಬೇಸತ್ತ ಅವರು ಮರುವರ್ಷವೇ ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ಕಟ್ಟಿದರು.

ಅದೇ ಹೊತ್ತಿಗೆ ಫ್ರಾನ್ಸಿನ ಹಳ್ಳಿಗಳು ಬೇರೆ ಹಾದಿ ಹಿಡಿದವು. ಅಲ್ಲಿ ಮೊದಲ ಗ್ರಾಮೀಣ ತಂಗುಮನೆ, ಅಂದರೆ 'ಜೀಟ್', 1951ರಲ್ಲಿ ತೆರೆಯಿತು. 1955ರಲ್ಲಿ 'ಜೀಟ್ ದ ಫ್ರಾನ್ಸ್' ಒಕ್ಕೂಟ ಹುಟ್ಟಿತು. ಮನೆಗಳ ದರ್ಜೆಯನ್ನು ಅದು ತೆನೆಗಳ ಚಿಹ್ನೆಯಿಂದ ಸೂಚಿಸುತ್ತದೆ. ಅಡುಗೆಮನೆ ಸಜ್ಜಾಗಿರಬೇಕು, ಆದರೆ ಹಾಸಿಗೆ ಬಟ್ಟೆಯನ್ನು ಅತಿಥಿ ತರಬಹುದು ಅಥವಾ ಬೇರೆ ಹಣ ಕೊಟ್ಟು ಪಡೆಯಬಹುದು ಎಂಬ ರೂಢಿ ಅಲ್ಲಿನ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಒಂದೇ ಪಟ್ಟಿ ಎಲ್ಲ ಕಡೆಗೂ ಹೊಂದಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

1995ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಆರಂಭವಾದ ವಿಆರ್‌ಬಿಒ ಜಾಲತಾಣ ಮಾಲೀಕರನ್ನೂ ಪ್ರವಾಸಿಗರನ್ನೂ ನೇರವಾಗಿ ಬೆಸೆಯಿತು. 2007ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ತಮ್ಮ ಮನೆಯಲ್ಲಿ ಮೂರು ಗಾಳಿಹಾಸಿಗೆ ಹಾಸಿ, ಬೆಳಗಿನ ತಿಂಡಿಯನ್ನೂ ಸೇರಿಸಿ ಅತಿಥಿಗಳನ್ನು ಕರೆದರು. ಅದೇ ಏರ್‌ಬಿಎನ್‌ಬಿಯ ಮೊದಲು. ಅಪರಿಚಿತರ ಮನೆಯಲ್ಲಿ ಸೋಪು ಇರುತ್ತದೋ ಇಲ್ಲವೋ ಎಂಬ ಅನುಮಾನವೇ ಇಂಥ ವ್ಯವಹಾರಕ್ಕೆ ಅಡ್ಡಿ. ಅದನ್ನು ನೀಗಿಸಲು ಕಂಪನಿ ಒಂದು ಕನಿಷ್ಠ ಪಟ್ಟಿ ಮಾಡಿತು: ಶೌಚಕಾಗದ, ಕೈಗೂ ಮೈಗೂ ಸೋಪು, ತಲೆಗೊಂದು ಟವೆಲ್, ತಲೆಗೊಂದು ದಿಂಬು, ಪ್ರತಿ ಹಾಸಿಗೆಗೆ ಬಟ್ಟೆ. 2018ರ ಫೆಬ್ರುವರಿಯಲ್ಲಿ ಅದು 'ಪ್ಲಸ್' ಎಂಬ ಮೇಲ್ದರ್ಜೆಯನ್ನು ತಂದು, 100ಕ್ಕೂ ಹೆಚ್ಚು ಅಂಶಗಳನ್ನು ಮನೆಗೇ ಹೋಗಿ ಪರಿಶೀಲಿಸುವ ಏರ್ಪಾಡು ಮಾಡಿತು.

ಪಟ್ಟಿ ಬರೆಯುವುದು ಸುಲಭ. ಅದನ್ನು ದಿನವೂ ನಡೆಸುವ ಲೆಕ್ಕಾಚಾರವನ್ನು ತಂಗುಮನೆಗಳು ಹೋಟೆಲುಗಳಿಂದ ಕಲಿತವು. ಒಂದು ಹಾಸಿಗೆಗೆ ಮೂರು ಸೆಟ್ ಬಟ್ಟೆ: ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಬೀರುವಿನಲ್ಲಿ. ಬಿಳಿ ಬಟ್ಟೆಯೇ ಏಕೆಂದರೆ ಬಿಸಿನೀರು, ಬ್ಲೀಚ್ ಎರಡನ್ನೂ ಅದು ತಡೆಯುತ್ತದೆ. ಬಣ್ಣ ಬೇರ್ಪಡಿಸುವ ಕೆಲಸವಿಲ್ಲ. ಒಂದು ಹರಿದರೆ ಇನ್ನೊಂದನ್ನು ತಂದು ಸೇರಿಸಬಹುದು. ಒಬ್ಬರು ಕೋಣೆ ಬಿಟ್ಟು ಇನ್ನೊಬ್ಬರು ಬರುವ ನಡುವಿನ ಎರಡು ಮೂರು ಗಂಟೆಗಳಲ್ಲಿ ಇಡೀ ಮನೆಯನ್ನು ಸಜ್ಜುಗೊಳಿಸುವವರು ಬಹುಪಾಲು ಹೆಂಗಸರು. ಪಟ್ಟಿ ಸ್ಪಷ್ಟವಾಗಿದ್ದರೆ ಅವರ ದುಡಿಮೆ ಹಗುರವಾಗುತ್ತದೆ. ಸಾಮಾನು ಹೆಚ್ಚುತ್ತಾ ಹೋಗಿ ಕೂಲಿ ಮಾತ್ರ ನಿಂತಲ್ಲೇ ನಿಂತರೆ ಅದೇ ಪಟ್ಟಿ ಹೊರೆ. ಪ್ರಮಾಣೀಕರಣದ ಚರ್ಚೆಗಳಲ್ಲಿ ಈ ಮಾತು ಬರುವುದು ತೀರಾ ಕಡಿಮೆ, ಅದು ದೊಡ್ಡ ಲೋಪ.

ಭಾರತದಲ್ಲಿ ರಿತೇಶ್ ಅಗರ್‌ವಾಲ್ 2012ರಲ್ಲಿ ಒರಾವೆಲ್ ಎಂಬ ತಂಗುದಾಣಗಳ ಪಟ್ಟಿಯ ತಾಣ ಆರಂಭಿಸಿದ್ದರು. ಕೋಣೆ ಹುಡುಕುವುದಕ್ಕಿಂತ ಅದರ ಗುಣಮಟ್ಟವನ್ನು ನಂಬುವುದೇ ಜನರಿಗೆ ಕಷ್ಟ ಎಂದು ಮನಗಂಡು 2013ರಲ್ಲಿ ಅದನ್ನು ಓಯೊ ಎಂದು ಬದಲಿಸಿದರು; ಸಣ್ಣ ವಸತಿಗೃಹಗಳಿಗೆ ಶುಭ್ರವಾದ ಹಾಸು, ವೈಫೈ, ತಿಂಡಿಯಂಥ ಒಂದೇ ಬಗೆಯ ಸೌಲಭ್ಯಗಳನ್ನು ತೊಡಿಸಿದರು. ಸರ್ಕಾರದ ಕಡೆಯಿಂದ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 'ಇನ್‌ಕ್ರೆಡಿಬಲ್ ಇಂಡಿಯಾ' ಯೋಜನೆ ಆರು ಕೋಣೆಗಳವರೆಗಿನ ಹೋಂಸ್ಟೇಗಳನ್ನು ಚಿನ್ನ, ಬೆಳ್ಳಿ ಎಂದು ವಿಂಗಡಿಸುತ್ತದೆ. ಕೇರಳದಲ್ಲಿ ಇವುಗಳ ಮೇಲೆ ವಜ್ರದ ದರ್ಜೆಯೂ ಇದೆ.

ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇ ನಡೆಸುವವರಿಗೆ ಈ ಪಟ್ಟಿಗಳು ಅರ್ಧವಷ್ಟೇ ಉಪಯುಕ್ತ. ಮಳೆಗಾಲದಲ್ಲಿ ಬಟ್ಟೆ ದಿನಗಟ್ಟಲೆ ಒಣಗದ ಊರಿನಲ್ಲಿ ಮೂರು ಸೆಟ್ಟಿನ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಕಂಬಳಿ, ಕರೆಂಟು ಹೋದಾಗ ಟಾರ್ಚು, ಹಂಡೆಯಲ್ಲಿ ಕಾದ ನೀರು ಬೇಕು. ಶೌಚಕಾಗದವನ್ನು ಮೊದಲ ಸಾಲಿನಲ್ಲಿಟ್ಟ ಪಟ್ಟಿಯಲ್ಲಿ ಬಕೆಟ್ಟು, ಮಗ್ಗಿಗೆ ಜಾಗವೇ ಇಲ್ಲದಿದ್ದರೆ ನಮ್ಮ ಅತಿಥಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಶುಚಿತ್ವ, ಸುರಕ್ಷತೆಗಳ ಮಟ್ಟಿಗೆ ಒಂದೇ ನಿಯಮ ಇರಲಿ, ಉಳಿದದ್ದನ್ನು ಊರು ಮತ್ತು ಋತುವಿಗೆ ಬಿಡಬೇಕು.

2020ರ ಕೋವಿಡ್ ಪಿಡುಗು ಗಮನವನ್ನು ಮತ್ತೆ ಸೋಂಕಿನತ್ತ ತಿರುಗಿಸಿತು. ಆ ವರ್ಷ ಏರ್‌ಬಿಎನ್‌ಬಿ ಅಮೆರಿಕದ ಮಾಜಿ ಸರ್ಜನ್ ಜನರಲ್, ಕನ್ನಡಿಗ ಮೂಲದ ಡಾ. ವಿವೇಕ್ ಮೂರ್ತಿ ಅವರ ಸಲಹೆ ಪಡೆದು ಐದು ಹಂತಗಳ ಶುಚಿತ್ವ ಕ್ರಮ ರೂಪಿಸಿತು.

ಈಚಿನ ಬದಲಾವಣೆಗೆ ಕಾರಣ ಪ್ಲಾಸ್ಟಿಕ್. ಶಾಂಪೂ, ಲೋಷನ್‌ಗಳ ಪುಟ್ಟ ಬಾಟಲಿಗಳನ್ನು ನಿಷೇಧಿಸುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2019ರಲ್ಲಿ ತಂದಿತು. 50ಕ್ಕಿಂತ ಹೆಚ್ಚು ಕೋಣೆಗಳಿರುವ ಕಡೆ ಅದು 2023ರ ಜನವರಿಯಿಂದ ಜಾರಿಗೆ ಬಂದಿತು. ರಜಾಕಾಲದ ಬಾಡಿಗೆ ಮನೆಗಳೂ ಸೇರಿದಂತೆ ಸಣ್ಣ ತಂಗುದಾಣಗಳಿಗೆ 2024ರ ಜನವರಿಯಿಂದ. ಐರೋಪ್ಯ ಒಕ್ಕೂಟದಲ್ಲಿ ಇಂಥದೇ ನಿಷೇಧ 2030ರ ಜನವರಿ 1ರಿಂದ ಅನ್ವಯವಾಗಲಿದೆ.