ಮೊಡವೆ ಕ್ರೀಮಿನ ಹಿಂದೊಂದು ಜೈಲು

ಟ್ರೆಟಿನಾಯಿನ್ ಹಚ್ಚಿ ಮುಖ ಉರೀತಿದೆ ಅಂದ್ರೆ ಚರ್ಮದ ಡಾಕ್ಟರ್ ಅಡಾಪಲೀನ್ ಬರೆದುಕೊಡಬಹುದು. ನಮಗದು ಬರೀ ಟ್ಯೂಬ್ ಬದಲಾವಣೆ. ಆದರೆ ಈ ಎರಡು ಟ್ಯೂಬ್‌ಗಳ ನಡುವೆ 25 ವರ್ಷಗಳ ಅಂತರವಿದೆ.

ಟ್ರೆಟಿನಾಯಿನ್ ಅಂದ್ರೆ ವಿಟಮಿನ್ ಎ ಆಮ್ಲ. ಇದರಿಂದ ಮೊಡವೆ ಇಳಿಯುತ್ತೆ ಅಂತ 1969ರಲ್ಲಿ ಪ್ರಕಟಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು. 1971ರಲ್ಲಿ ರೆಟಿನ್-ಎ ಹೆಸರಿನಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಚರ್ಮದ ರಂಧ್ರಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳೋದು ಇದರ ಕೆಲಸ. ಜೊತೆಗೆ ಉರಿ, ಕೆಂಪು, ಸಿಪ್ಪೆ ಏಳೋದು. ಬೆಳಕಿಗೆ ಕೆಡುತ್ತೆ ಬೇರೆ, ಅದಕ್ಕೇ ರಾತ್ರಿ ಹಚ್ಚಿ ಅನ್ನೋದು.

ಆ ಉರಿಯನ್ನು ನಮಗಿಂತ ಮೊದಲು ತಡ್ಕೊಂಡವರು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳು. 1951ರಿಂದ 1974ರವರೆಗೆ ಕ್ಲಿಗ್ಮನ್ ಅಲ್ಲಿ ನಾನಾ ಪ್ರಯೋಗ ನಡೆಸಿದರು. ವಿಟಮಿನ್ ಎ ಆಮ್ಲ ಅದರಲ್ಲೊಂದು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿ ಇನ್ನೂ ವಿಚಾರಣೆಗೆ ಕಾಯ್ತಿದ್ದವರು, ಜಾಮೀನಿಗೆ ಕಾಸಿಲ್ಲದವರು. ಪುಡಿಗಾಸಿಗೆ ಬೆನ್ನು ಒಡ್ಡಿದರು. ಮೈಗೆ ಏನು ಹಚ್ತಿದ್ದಾರೆ ಅಂತ ಸರಿಯಾಗಿ ಹೇಳಿದವರಿಲ್ಲ.

1996ರಲ್ಲಿ ಬಂದ ಅಡಾಪಲೀನ್ ಉರಿಸೋದು ಕಡಿಮೆ, ಬೆಳಕಿಗೂ ಬೆಂಜಾಯ್ಲ್ ಪೆರಾಕ್ಸೈಡ್‌ಗೂ ಜಗ್ಗಲ್ಲ. 2016ರಿಂದ ಅಮೆರಿಕದಲ್ಲಿ ಅದರ 0.1% ಜೆಲ್‌ಗೆ ಚೀಟಿಯೂ ಬೇಡ. ಬದಲಿಸಿದ ಮೇಲೂ ಎರಡು ಮೂರು ತಿಂಗಳು ಕಾಯಬೇಕು, ಅಷ್ಟೇ.

ಉರಿದರೆ ಬೇರೆ ಕೊಡಿ ಅನ್ನೋ ದಾರಿ ನಮಗಿದೆ. ಹೋಮ್ಸ್‌ಬರ್ಗ್‌ನವರ ಕ್ಷಮೆಯನ್ನು ಫಿಲಡೆಲ್ಫಿಯಾ ನಗರ ಕೇಳಿದ್ದೇ 2022ರಲ್ಲಿ. ಅಷ್ಟೊತ್ತಿಗೆ ಕ್ಲಿಗ್ಮನ್ ತೀರಿಕೊಂಡು 12 ವರ್ಷವಾಗಿತ್ತು.