ಕೊಲಾಬಾದ ಕಾಂತಸೂಜಿಯೂ ಸೌರಮಾರುತವೂ

1859ರ ಸೆಪ್ಟೆಂಬರ್ 2ರಂದು, ಮಧ್ಯಾಹ್ನಕ್ಕೆ ಮುನ್ನ, ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತಕ್ಷೇತ್ರದ ಸಮತಲ ಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಕರ್ನಾಟಕದ ಕಿತ್ತೂರು ಸೀಮೆಯ ದೇಗಾಂವ ಎಂಬ ಊರನ್ನೇ ತೆಗೆದುಕೊಳ್ಳಿ; ಅದು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಲಾಬಾ ಅಲ್ಲಿಂದ 400 ಕಿ.ಮೀ. ಆಸುಪಾಸಿನಲ್ಲಿದೆ. ಈ ಬಗೆಯ ಕ್ಷೋಭೆ ಭೂಮಿಯನ್ನೇ ಸುತ್ತುವಂಥದ್ದಾದ್ದರಿಂದ ದೇಗಾಂವದಲ್ಲೂ ಕ್ಷೇತ್ರ ಕುಸಿದಿರಲೇಬೇಕು. ಅಳೆಯುವವರು ಇರಲಿಲ್ಲ, ಅಷ್ಟೆ. ಮನುಷ್ಯನ ಯಾವ ಇಂದ್ರಿಯಕ್ಕೂ ಅದು ತಿಳಿಯುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕೊಲಾಬಾ ವೀಕ್ಷಣಾಲಯವನ್ನು ಕಟ್ಟಿಸಿದ್ದು ನಕ್ಷತ್ರ ನೋಡಲು, ಹಡಗುಗಳಿಗೆ ಸರಿಯಾದ ವೇಳೆ ತಿಳಿಸಲು. ಕಾಂತಮಾಪನ ಶುರುವಾದದ್ದು 1841ರಲ್ಲಿ. ಫೋಟೊ ಕಾಗದದ ಮೇಲೆ ಗೆರೆ ಮೂಡಿಸುವ ಯಂತ್ರ 1859ರಲ್ಲಿ ಅಲ್ಲಿರಲಿಲ್ಲ. ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆಯಬೇಕು. ಸಾಮಾನ್ಯ ದಿನಗಳಲ್ಲಿ ಗಂಟೆಗೊಮ್ಮೆ, ಸೂಜಿ ಚಂಚಲವಾದಾಗ ಇನ್ನೂ ಬೇಗಬೇಗ. ಆ ಬೇಸರದ ದುಡಿಮೆಯೇ ಮುಂದೆ ದೊಡ್ಡ ಆಸ್ತಿಯಾಯಿತು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾದಾಗ, ಅದರ ಸೋರು ವಿದ್ಯುತ್ತಿನಿಂದ ದಾಖಲೆ ಕೆಡದಿರಲೆಂದು ಕೇಂದ್ರವನ್ನು ಅಲಿಬಾಗಕ್ಕೆ ಒಯ್ದರು. ನಿರ್ದೇಶಕ ಎನ್.ಎ.ಎಫ್. ಮೂಸ್ ಅವರು 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳತೆ ಮಾಡಿಸಿ, ಹಳೆಯ ಸರಣಿಯ ಕೊಂಡಿ ಕಡಿಯದಂತೆ ನೋಡಿಕೊಂಡರು.

ಕುಸಿತದ ಹಿಂದಿನ ದಿನ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ನಡುವೆ ಬಿಳಿಯ ಮಿಂಚೊಂದನ್ನು ಕಂಡಿದ್ದ. ಎರಡಕ್ಕೂ ನಂಟಿದೆಯೆಂದು ಒಪ್ಪಲು ವಿಜ್ಞಾನಿಗಳು ಬಹಳ ಕಾಲ ತೆಗೆದುಕೊಂಡರು. ಲಾರ್ಡ್ ಕೆಲ್ವಿನ್‌ನಂಥವನೇ 1892ರಲ್ಲಿ ಅದನ್ನು ಕಾಕತಾಳೀಯವೆಂದು ತಳ್ಳಿಹಾಕಿದ. ಸೂರ್ಯನಿಂದ ಆವಿಷ್ಟ ಕಣಗಳು ಎಡೆಬಿಡದೆ ಹೊರಹರಿಯುತ್ತವೆಂದು ಯೂಜಿನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ತೋರಿಸಿದ. 1962ರಲ್ಲಿ ಮ್ಯಾರಿನರ್-2 ನೌಕೆ ಅದನ್ನು ದೃಢಪಡಿಸಿತು.

ಈ ಹರಿವೇ ಸೌರಮಾರುತ. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 300ರಿಂದ 800 ಕಿ.ಮೀ. ಅದರ ಒತ್ತಡ ಹಠಾತ್ತನೆ ಏರಿದರೆ, ಹಗಲಿನ ಬದಿಯಲ್ಲಿ ಸುಮಾರು 60 ಸಾವಿರ ಕಿ.ಮೀ. ಆಚೆಗಿರುವ ಕಾಂತಗೋಳದ, ಎಂದರೆ ಭೂಮಿಯ ಕಾಂತಕ್ಷೇತ್ರ ಆಳುವ ವಲಯದ, ಅಂಚು ಒಳಕ್ಕೆ ಕುಗ್ಗುತ್ತದೆ; ನೆಲದ ಮೇಲೆ ಕ್ಷೇತ್ರ ಒಮ್ಮೆ ಜಿಗಿಯುತ್ತದೆ. ಅಷ್ಟಕ್ಕೇ ದೊಡ್ಡ ಕಾಂತ ಬಿರುಗಾಳಿ ಏಳುವುದಿಲ್ಲ. ಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿ ಗಂಟೆಗಟ್ಟಲೆ ಹಾಗೇ ನಿಲ್ಲಬೇಕು. ಆಗ ಉತ್ತರಮುಖಿಯಾದ ಭೂಮಿಯ ಬಲರೇಖೆಗಳು ಅದರೊಡನೆ ಬೆಸೆದುಕೊಂಡು ಬಾಗಿಲು ತೆರೆಯುತ್ತವೆ. ಇದನ್ನು 1961ರಲ್ಲಿ ವಿವರಿಸಿದವನು ಜೇಮ್ಸ್ ಡಂಗಿ. ಒಳನುಗ್ಗಿದ ಶಕ್ತಿಯಿಂದ ಸಮಭಾಜಕದ ಮೇಲೆ ಭೂಮಿಯನ್ನು ಬಳಸುವ ಉಂಗುರ ಪ್ರವಾಹ ಬಲಿಯುತ್ತದೆ, ನೆಲದ ಸಮತಲ ಬಲವನ್ನು ತಗ್ಗಿಸುತ್ತದೆ. ಧ್ರುವಪ್ರಭೆ ಸಾಮಾನ್ಯವಾಗಿ ಕಾಣದ, ಸಮಭಾಜಕಕ್ಕೆ ಹತ್ತಿರದ ಊರುಗಳಲ್ಲೇ ಈ ಕುಸಿತ ಸ್ಪಷ್ಟವಾಗಿ ಸಿಗುತ್ತದೆ.

2003ರಲ್ಲಿ ಬ್ರೂಸ್ ತ್ಸುರುತಾನಿ, ಜಿ.ಎಸ್. ಲಖೀನಾ ಮೊದಲಾದವರು ಕೊಲಾಬಾದ ಹಳೆಯ ಅಂಕಿಗಳನ್ನು ಮತ್ತೆ ಓದಿ, ಅಳೆದು ದಾಖಲಾದ ಬಿರುಗಾಳಿಗಳಲ್ಲೇ 1859ರದು ಅತಿ ತೀವ್ರವೆಂದರು. 1,600 ಪೂರ್ತಿ ಉಂಗುರ ಪ್ರವಾಹದ್ದೇ ಎಂಬ ಬಗ್ಗೆ ತಕರಾರಿದೆ. ಗಂಟೆಯ ಸರಾಸರಿ ಹಿಡಿದರೆ ಅಂಕಿ ಬಹಳ ಇಳಿಯುತ್ತದೆ. ಆದರೂ ಅದು ದೊಡ್ಡದೇ; ಹೋಲಿಕೆಗೆ, 2024ರ ಮೇ ಬಿರುಗಾಳಿಯ ಕುಸಿತ 400 ನ್ಯಾನೊಟೆಸ್ಲಾ ಆಸುಪಾಸಿನದು.

ಈಗ ಇಂಥ ಬಿರುಗಾಳಿಗಳ ಮೇಲೆ ಕಣ್ಣಿಡುವ ಕಾವಲು ಕೆಲಸದ ಒಂದು ಪಾಲು ಕರ್ನಾಟಕದ್ದು. 2023ರ ಸೆಪ್ಟೆಂಬರ್ 2ರಂದು, ಕಾಕತಾಳೀಯವಾಗಿ ಅದೇ ತಾರೀಖು, ಹಾರಿದ, ಸೂರ್ಯನನ್ನು ಗಮನಿಸುವ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದರ ಕಾಂತಮಾಪಕ ಬೆಂಗಳೂರಿನದು. ಸೂರ್ಯನ ಪ್ರಭಾವಲಯ ನೋಡುವ ಉಪಕರಣ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಸಿದ್ಧವಾದದ್ದು. ಸೂರ್ಯನಿಂದ ಆವಿಷ್ಟ ಕಣಗಳ ಮೋಡ ಹೊರಟದ್ದನ್ನು ಈ ಎರಡನೆಯ ಉಪಕರಣ ಒಂದು ದಿನ ಮುಂಚೆಯೇ ಕಾಣಬಲ್ಲದು. ಅದರೊಳಗಿನ ಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದು ಮಾತ್ರ ಮೋಡ ಕಾಂತಮಾಪಕವನ್ನು ದಾಟುವಾಗಲೇ ಖಚಿತವಾಗುವುದು. ಆಮೇಲೆ ಭೂಮಿಗೆ ಉಳಿಯುವ ಸಮಯ ಸುಮಾರು ಒಂದು ಗಂಟೆ, ವೇಗ ಹೆಚ್ಚಿದ್ದರೆ ಇನ್ನೂ ಕಡಿಮೆ.