ಗದ್ದೆ ಹೋಯಿತು, ತೆನೆ ಹಬ್ಬ ಉಳಿಯಿತು

ನಮ್ಮ ಏಕಸಂಬಿ, ಸದಲಗಾ, ನಿಪ್ಪಾಣಿ ಕಡೆಯ ರೈತನ ವರ್ಷ ಚಂದ್ರನನ್ನು ನೋಡಿಕೊಂಡು ನಡೆಯುತ್ತದೆ. ಕಾರ ಹುಣ್ಣಿಮೆಗೆ ಎತ್ತುಗಳ ಸಿಂಗಾರ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣ, ಶೀಗಿ ಹುಣ್ಣಿಮೆಗೆ ಹೊಲದ ಪೂಜೆ, ಎಳ್ಳಮಾವಾಸ್ಯೆಗೆ ಚರಗ. ಜೋಳದ ಹೊಲಕ್ಕೆ ಕಬ್ಬು ಬಂದ ಮೇಲೂ ಈ ಲೆಕ್ಕ ಬದಲಾಗಿಲ್ಲ. ಹುಣ್ಣಿಮೆ ಹದಿನೈದು ದಿನ ಹಿಂದೆ ಸರಿದರೆ ಹಬ್ಬವೂ ಸರಿಯುತ್ತದೆ.

ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ, ಮಂಗಳೂರು, ಉಡುಪಿ, ಕಾರ್ಕಳ, ಬಂಟ್ವಾಳಗಳ ಭತ್ತದ ಬಯಲಿನಲ್ಲಿ ಬೇರೊಂದು ರೈತ ಸಮುದಾಯವಿದೆ. ಅದರ ಸುಗ್ಗಿಯ ಹಬ್ಬ ಸರಿಯುವುದೇ ಇಲ್ಲ. ಮಳೆ ಬೇಗ ಬರಲಿ, ತಡವಾಗಲಿ, ಸೆಪ್ಟೆಂಬರ್ 8ರಂದು ಹೊಸ ತೆನೆ ಮನೆಗೆ ಬರಲೇಬೇಕು. ಇವರು ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಆಡುವ ಕ್ಯಾಥೊಲಿಕ್ ಕ್ರೈಸ್ತರು. ರೋಮಿನ ಪಂಚಾಂಗ ಮತ್ತು ಭತ್ತದ ಪಂಚಾಂಗ ಎರಡನ್ನೂ ಒಂದೇ ಗೋಡೆಗೆ ತೂಗು ಹಾಕಿಕೊಂಡು ಇವರು ಹೇಗೆ ಬೇಸಾಯ ಮಾಡಿದರು ಎಂಬುದು ಸ್ವಾರಸ್ಯದ ಸಂಗತಿ. ಆ ಭೂಮಿ ಇವರ ಕೈಯಲ್ಲಿ ಎಷ್ಟು ಸಲ ಉಳಿಯಿತು, ಎಷ್ಟು ಸಲ ಹೋಯಿತು ಎಂಬ ಕಥೆಯೂ ಅದರೊಳಗೇ ಇದೆ.

ಇವರ ಮೂಲ ಗೋವೆ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಮುಂದೆ ಸಾಷ್ಟಿ, ಬಾರ್ದೇಸ್ ಸೀಮೆಗಳಲ್ಲಿ ಮತಾಂತರ, 1560ರಲ್ಲಿ ಧರ್ಮ ವಿಚಾರಣಾ ಮಂಡಲಿ, ಬರ, ತೆರಿಗೆ, 1683ರಲ್ಲಿ ಮರಾಠರ ದಂಡಯಾತ್ರೆ. ಒಂದೊಂದು ಏಟಿಗೂ ಒಂದಷ್ಟು ಕುಟುಂಬಗಳು ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದವು. ಆಗ ಕರಾವಳಿಯನ್ನು ಆಳುತ್ತಿದ್ದವರು ಕೆಳದಿಯ ನಾಯಕರು. ಅವರಿಗೆ ಬೇಕಾಗಿದ್ದದ್ದು ಬೀಳು ಭೂಮಿಯನ್ನು ಸಾಗುವಳಿಗೆ ತರುವ ಕೈಗಳು. ಬಂದವರು ಭತ್ತ ಬಲ್ಲವರು. ಭೂಮಿ ಸಿಕ್ಕಿತು, ಇಗರ್ಜಿ ಕಟ್ಟಲು ಅನುಮತಿಯೂ ಸಿಕ್ಕಿತು. ವಲಸೆ ಬಂದವರು ಗಂಟುಮೂಟೆಯೊಂದಿಗೆ ಗೋವೆಯ ಜಾತಿಭೇದವನ್ನೂ ಕಟ್ಟಿಕೊಂಡೇ ಬಂದರೆಂಬುದನ್ನು ಇಲ್ಲಿ ಹೇಳಬೇಕು. ಬಾಮಣ, ಚಾರೊಡಿ ಮುಂತಾದ ಹೆಸರುಗಳು ಸಂಬಂಧ ಬೆಳೆಸುವಾಗ ತಲೆಮಾರುಗಟ್ಟಲೆ ಎಣಿಕೆಗೆ ಬರುತ್ತಿದ್ದವು.

ಮಳೆಯಿಂದ ಮೊದಲಾಗುವ ವರ್ಷ

ಕ್ಯಾಲೆಂಡರಿನಲ್ಲಿ ಜನವರಿ ಮೊದಲು. ಇಗರ್ಜಿಯ ಲೆಕ್ಕದಲ್ಲಿ ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ ವರ್ಷ ಶುರು. ಆದರೆ ರೈತನಿಗೆ ವರ್ಷ ಶುರುವಾಗುತ್ತಿದ್ದುದು ಮೇ ಕೊನೆಯಲ್ಲಿ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಭೂತಕೋಲಗಳು ನಿಲ್ಲುತ್ತವೆ. ಕ್ರೈಸ್ತ ರೈತನಿಗೂ ಅದೇ ಸೂಚನೆ. ಹಟ್ಟಿಯ ಗೊಬ್ಬರ ಗದ್ದೆಗೆ ಬೀಳುತ್ತಿತ್ತು, ನೇಜಿಗೆ ಬೀಜ ಬೀಳುತ್ತಿತ್ತು.

ಕರಾವಳಿಯ ಗದ್ದೆಗಳಲ್ಲಿ ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ. ಮಳೆಗಾಲದ್ದು ಏಣೆಲು, ಅದು ಮುಗಿದ ಮೇಲೆ ಸುಗ್ಗಿ, ಬೇಸಿಗೆಯದು ಕೊಳಕೆ. ಹೊಸದಾಗಿ ಬಂದವರಿಗೆ ಬೈಲು ಸಿಕ್ಕಿತೇ ಬೆಟ್ಟು ಸಿಕ್ಕಿತೇ ಎಂಬುದರ ಮೇಲೆ ಮನೆತನದ ಹಣೆಬರಹ ನಿಂತಿತ್ತು.

ಜೂನ್, ಜುಲೈ ನಾಟಿಯ ತಿಂಗಳು. ಧಣಿ ಕ್ರೈಸ್ತನಾದರೂ ಗದ್ದೆಗಿಳಿದ ಹೆಂಗಸರಲ್ಲಿ ತುಳು ಪಾಡ್ದನ ಕೇಳುತ್ತಿತ್ತು. ಕೆಲಸಕ್ಕೆ ಗಡಿಯಾರವೆಂದರೆ ಇಗರ್ಜಿಯ ಗಂಟೆ: ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ. ಮಧ್ಯಾಹ್ನದ ಗಂಟೆಗೆ ಮುಟ್ಟಾಳೆ ತೆಗೆದು ಒಂದು ಗಳಿಗೆ ನಿಂತು ಪ್ರಾರ್ಥನೆ ಹೇಳಿದರೆ, ಆಚೆ ಈಚೆ ಗದ್ದೆಯವರು ಅದೇ ಗಂಟೆಗೆ ಗಂಜಿಗೆ ಏಳುತ್ತಿದ್ದರು. ಸಂಜೆಯ ಗಂಟೆಯ ಬಳಿಕ ದೀಪ ಹಚ್ಚಿ ಮನೆಮಂದಿಯೆಲ್ಲ ಜಪಮಾಲೆ ಹೇಳುವುದು. ಕೊಂಕಣಿಯಲ್ಲಿ ಅದು ತೇರ್ಸ್. ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳುವುದು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಕಳೆದ ವರ್ಷದ ಅಕ್ಕಿ ಮುಗಿಯುತ್ತ ಬಂದಿದೆ, ಹೊಸದು ಗದ್ದೆಯಲ್ಲಿದೆ. ಬಡ ಗೇಣಿದಾರನ ಮನೆಯಲ್ಲಿ ಇದು ಹಸಿವಿನ ತಿಂಗಳು. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ, ಹಪ್ಪಳ, ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಜಂಕಿನ ಸೊಪ್ಪು ಇವೇ ಆಧಾರ. ಇಂದು ಮಂಗಳೂರಿನ ಸಭಾಂಗಣಗಳಲ್ಲಿ ‘ಆಟಿದ ಕೂಟ’ ಎಂದು ಇದನ್ನೆಲ್ಲ ಸಾಲಾಗಿ ಬಡಿಸುತ್ತಾರೆ. ಅಂದು ಅದನ್ನು ಉಂಡವರು ಬೇರೆ ಗತಿಯಿಲ್ಲದೆ ಉಂಡದ್ದು.

ಈ ಹಸಿವಿನ ಬೆನ್ನಿಗೇ ಬರುತ್ತದೆ ಮೊಂತಿ ಹಬ್ಬ.

ಹೂವು, ತೆನೆ, ಹೊಸ ಅಕ್ಕಿ

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಇದು ಜಗತ್ತಿನ ಎಲ್ಲ ಕ್ಯಾಥೊಲಿಕರಿಗೂ ಇದೆ. ವೇಲಾಂಕಣಿಯ ಜಾತ್ರೆ ಅಂದೇ, ಮುಂಬಯಿಯ ಬಾಂದ್ರಾ ಜಾತ್ರೆ ಅದಕ್ಕೆ ಅಂಟಿಕೊಂಡ ವಾರ. ಆದರೆ ಮರಿಯಮ್ಮನ ಜನನಕ್ಕೂ ಭತ್ತಕ್ಕೂ ಇಗರ್ಜಿಯ ಶಾಸ್ತ್ರದಲ್ಲಿ ಏನೂ ಸಂಬಂಧವಿಲ್ಲ. ಸಂಬಂಧ ಕಟ್ಟಿದ್ದು ರೈತ.

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಳ ಮೂರ್ತಿಗೆ ಎರಚುತ್ತಾರೆ. ಮಳೆಗಾಲದ ಬೇಲಿಯಲ್ಲಿ ಸಿಕ್ಕಿದ ಹೂವೆಲ್ಲ ಆಗುತ್ತದೆ. ಹಬ್ಬದ ದಿನ ಗದ್ದೆಯಿಂದ ತೆನೆ ಕೊಯ್ದು ಮೆರವಣಿಗೆಯಲ್ಲಿ ತಂದು ಪಾದ್ರಿ ಆಶೀರ್ವದಿಸುತ್ತಾರೆ. ಮನೆಗಿಷ್ಟು ಎಂದು ಹಂಚುತ್ತಾರೆ, ಮಕ್ಕಳಿಗೆ ಕಬ್ಬು. (ಕಬ್ಬಿನ ನಾಡಿನ ನಮಗೆ ಒಂದು ಜಲ್ಲೆಗಾಗಿ ಸಾಲು ನಿಲ್ಲುವ ಮಕ್ಕಳನ್ನು ಕಂಡು ನಗು ಬಂದೀತು.) ಮನೆಯಲ್ಲಿ ಯಜಮಾನ ತೆನೆಯ ಕಾಳು ಬಿಡಿಸಿ, ಸಿಪ್ಪೆ ತೆಗೆದು, ಅರೆದು, ಹಾಲಿಗೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರಿಗೂ ಕೊಡುತ್ತಾನೆ. ಇದೇ ‘ನೊವೆಂ’, ಹೊಸತು ಎಂದು ಅರ್ಥ. ಮತ್ತೆ ಬಾಳೆಲೆಯ ಮೇಲೆ ಊಟ. ಮೀನಿಲ್ಲದೆ ತುತ್ತಿಳಿಯದ ಮನೆಯಲ್ಲೂ ಅಂದು ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥಗಳು ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ಕೆಸುವಿನ ದಂಟು, ಹೀರೆ, ಬೆಂಡೆ, ಹರಿವೆ ಎಲ್ಲ ಹಿತ್ತಲಿನವು.

ಈ ಹಬ್ಬವನ್ನು ನೇತ್ರಾವತಿ ದಂಡೆಯ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡಾ 1763ರಲ್ಲಿ ಆರಂಭಿಸಿದರೆಂದೂ, ಮೊಂತಿ ಎಂಬ ಹೆಸರು ಅಲ್ಲಿಂದಲೇ ಬಂತೆಂದೂ ಹೇಳುವುದುಂಟು. ಹೆಸರು ಅಲ್ಲಿಯದಿರಬಹುದು, ಆಚರಣೆ ಅದಕ್ಕಿಂತ ಹಳೆಯದೆಂದು ಕಾಣುತ್ತದೆ. ಗೋವೆಯ ಕ್ರೈಸ್ತರು ಆಗಸ್ಟ್ ತಿಂಗಳಲ್ಲಿ ಊರೂರಿನಲ್ಲಿ ಕಣಸಿನ ಹಬ್ಬ ಮಾಡುತ್ತಾರೆ. ತುಳುವರು ತೆನೆ ತಂದು ಮನೆಯ ಕಂಬಕ್ಕೆ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುತ್ತಾರೆ, ಅದು ಪುದ್ವಾರ್. ಕೊಡಗಿನಲ್ಲಿ ಪುತ್ತರಿ. ಧರ್ಮ ಬದಲಾದ ರೈತ ಭತ್ತದ ಹಬ್ಬವನ್ನು ಬಿಡಲಿಲ್ಲ, ಅದಕ್ಕೊಂದು ಹೊಸ ತಾರೀಖು ಹುಡುಕಿಕೊಂಡ.

ಆ ತಾರೀಖು ಇಲ್ಲಿ ಹೊಂದಿಕೊಂಡದ್ದಕ್ಕೂ ಕಾರಣವಿದೆ. ತುಳುವರ ತಿಂಗಳುಗಳು ನಮ್ಮವುಗಳಂತೆ ಚಂದ್ರಮಾನದವಲ್ಲ. ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವ ಸೌರಮಾನದವು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸೋಣ. ಆದ್ದರಿಂದ ರೋಮಿನ ಸೆಪ್ಟೆಂಬರ್ 8 ಯಾವ ವರ್ಷವೂ ಸೋಣವನ್ನು ಬಿಟ್ಟು ಹೋಗುವುದಿಲ್ಲ. ಜೂನ್ ಮಳೆಗೆ ನಾಟಿಯಾದ ಏಣೆಲು ಆ ಹೊತ್ತಿಗೆ ತೆನೆ ಬಿಟ್ಟು ಕಾಳಿನ ಹಾಲು ಗಟ್ಟಿಯಾಗತೊಡಗಿರುತ್ತದೆ. ಮುಂಗಾರು ತಡವಾದ ವರ್ಷ ಹಸಿರು ತೆನೆಯೇ ಬಲಿಪೀಠದ ಮುಂದೆ ಬರುತ್ತದೆ. ಹಬ್ಬ ಕಾಯುವುದಿಲ್ಲ. ಇಗರ್ಜಿಯ ದೊಡ್ಡ ಹಬ್ಬಗಳಲ್ಲಿ ಚಂದ್ರನಿಗೆ ಕಟ್ಟುಬಿದ್ದದ್ದು ಈಸ್ಟರ್ ಮಾತ್ರ: ಮಾರ್ಚ್ 21ರಂದು ಅಥವಾ ಅನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ.

ಉಳಿದ ತಿಂಗಳುಗಳನ್ನು ಬೇಗ ದಾಟಬಹುದು. ಅಕ್ಟೋಬರ್ ಹೊತ್ತಿಗೆ ಏಣೆಲಿನ ಕೊಯ್ಲು; ಪಡಿಮಂಚಕ್ಕೆ ಬಡಿದು ಕಾಳು ಬೇರ್ಪಡಿಸಿ, ಕುಚ್ಚಲಕ್ಕಿ ಮಾಡಿ, ಬೈಹುಲ್ಲಿನಲ್ಲಿ ಉಂಡೆಯಾಗಿ ಬಿಗಿದು ಮುಡಿ ಕಟ್ಟುವುದು. ಒಂದು ಮುಡಿಗೆ 42 ಸೇರು. ಗೇಣಿ, ಸಾಲ, ಮನೆತನದ ಅಂತಸ್ತು ಎಲ್ಲವೂ ಮುಡಿಯ ಲೆಕ್ಕವೇ. ನವೆಂಬರ್ 2ರಂದು ಸತ್ತವರ ಗೋರಿಗಳಿಗೆ ಹೂವು, ಮೇಣದ ಬತ್ತಿ. ಡಿಸೆಂಬರ್‌ನಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ ಕರಿದು ನೆರೆಯ ಹಿಂದೂ ಮನೆಗಳಿಗೆ ಕಳಿಸುವುದು. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರ, ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲ ಇವೆರಡರಲ್ಲೂ ಮದುವೆಯಿಲ್ಲ. ಹೀಗಾಗಿ ಕಣಜದಲ್ಲಿ ಅಕ್ಕಿ ಇರುವ ಜನವರಿ, ಫೆಬ್ರವರಿಯೇ ಮದುವೆಗೆ ಸಿಗುತ್ತಿತ್ತು. ಇಲ್ಲವಾದರೆ ಈಸ್ಟರ್ ಕಳೆದ ಬೇಸಿಗೆ. ಜನವರಿ ಕೊನೆಗೆ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ. ಅಲ್ಲಿ ಮೇಣದ ಬತ್ತಿ ಹಿಡಿದವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ.

ಹದಿನೈದು ವರ್ಷ ತಪ್ಪಿದ ಬೆಳೆ

ಈ ಚಕ್ರ ಒಮ್ಮೆ ಪೂರ್ತಿಯಾಗಿ ನಿಂತದ್ದುಂಟು. 1784ರಲ್ಲಿ ಎರಡನೆಯ ಮೈಸೂರು ಯುದ್ಧ ಮುಗಿಯುವ ಹೊತ್ತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಅವರನ್ನು ಸೆರೆ ಹಿಡಿಯಲು ಟಿಪ್ಪು ಸುಲ್ತಾನ್ ಆಜ್ಞೆ ಮಾಡಿದ. ಆರೋಪ ಎಷ್ಟು ನಿಜ ಎಂಬ ಬಗ್ಗೆ ಇತಿಹಾಸಕಾರರ ವಾದ ಮುಗಿದಿಲ್ಲ. ಫೆಬ್ರವರಿ ಕೊನೆಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಕುಟುಂಬ ಕುಟುಂಬಗಳನ್ನೇ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸಂಖ್ಯೆ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಒಬ್ಬೊಬ್ಬರದು ಒಂದೊಂದು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಇಗರ್ಜಿಗಳು ನೆಲಸಮವಾದವು, ಫರಂಗಿಪೇಟೆಯದು ಮಾತ್ರ ಮಿರಾಂಡಾರಿಗೂ ಹೈದರನಿಗೂ ಇದ್ದ ಸ್ನೇಹದಿಂದ ಉಳಿಯಿತೆಂಬ ಪ್ರತೀತಿಯಿದೆ.

ಫೆಬ್ರವರಿ ಎಂದರೆ ಸುಗ್ಗಿ ಬೆಳೆ ಕೈಗೆ ಬಂದು, ಬೈಲಿನಲ್ಲಿ ಕೊಳಕೆ ನಿಂತಿರುವ ಕಾಲ ಎಂಬುದನ್ನು ರೈತರಾದ ಓದುಗರು ಗಮನಿಸಬೇಕು. ಬಿಟ್ಟು ಹೋದ ಗದ್ದೆ ಖಾಲಿ ಉಳಿಯಲಿಲ್ಲ, ಬೇರೆಯವರ ಸಾಗುವಳಿಗೆ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿದ್ದವರು ಮರಳಿದರು. ಆಗ ಕೆನರಾಕ್ಕೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಕೆಲವರಿಗೆ ಹಳೆಯ ಭೂಮಿ ಮರಳಿ ಸಿಕ್ಕಿತು. ಹಲವರು ಒಂದು ಕಾಲಕ್ಕೆ ತಮ್ಮದಾಗಿದ್ದ ಊರಿನಲ್ಲೇ ಇನ್ನೊಬ್ಬರ ಒಕ್ಕಲಾದರು.

ಒಕ್ಕಲುತನದಲ್ಲೂ ಎರಡು ದರ್ಜೆ. ಮೂಲಗೇಣಿಯವನ ಗೇಣಿ ಏರುವಂತಿಲ್ಲ, ಅವನನ್ನು ಏಳಿಸುವಂತಿಲ್ಲ. ತಂದೆಯಿಂದ ಮಗನಿಗೆ ಬರುತ್ತಿತ್ತು. ಚಾಲಗೇಣಿಯವನು ಧಣಿಯ ಮರ್ಜಿ ಇರುವ ತನಕ. ಆಟಿಯಲ್ಲಿ ಹಸಿದವನು ಈ ಎರಡನೆಯವನು. ಧಣಿಗಳಲ್ಲೂ ಕ್ರೈಸ್ತರಿದ್ದರು, ಇಗರ್ಜಿಗೂ ಗೇಣಿ ಭೂಮಿ ಇತ್ತು.

ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಕರಾವಳಿಯಲ್ಲಿ ‘ಡಿಕ್ಲರೇಶನ್ ಹಾಕುವುದು’ ಎಂಬ ಮಾತು ಮನೆಮಾತಾಯಿತು. ಉಳುತ್ತಿದ್ದವನು ಅರ್ಜಿ ಹಾಕಿ ಒಡೆಯನಾದ. ಒಂದೇ ಇಗರ್ಜಿಯ ಒಂದೇ ಬೆಂಚಿನಲ್ಲಿ ಭೂಮಿ ಪಡೆದವನೂ ಕಳೆದುಕೊಂಡವನೂ ಕೂತಿರುತ್ತಿದ್ದರು. ಮಾತು ಬಿಟ್ಟ ಮನೆಗಳು ಎಷ್ಟೋ.

ವಿಚಿತ್ರವೆಂದರೆ ಭೂಮಿ ತನ್ನದಾದ ತಲೆಮಾರಿನ ಮಕ್ಕಳೇ ಗದ್ದೆ ಬಿಟ್ಟರು. ಮುಂಬಯಿ ದಾರಿ ಮೊದಲೇ ಇತ್ತು. ಎಪ್ಪತ್ತರ ದಶಕದಿಂದ ಕೊಲ್ಲಿ ದೇಶಗಳು ತೆರೆದವು. ನಾಟಿಗೆ ಆಳು ಸಿಗುವುದು ಕಷ್ಟವಾಯಿತು, ಭತ್ತದ ಬೆಲೆ ಕೂಲಿಗೂ ಸಾಲದಾಯಿತು. ಬೈಲು ಅಡಿಕೆ ತೋಟವಾಯಿತು, ಬೆಟ್ಟು ಮನೆ ನಿವೇಶನವಾಯಿತು, ಉಳಿದದ್ದು ಹಡಿಲು ಬಿತ್ತು. ಇವರೊಬ್ಬರದೇ ಕಥೆಯಲ್ಲ, ಕರಾವಳಿಯ ಎಲ್ಲ ಭತ್ತದ ರೈತರದೂ ಇದೇ.

ಆದರೆ ಸೆಪ್ಟೆಂಬರ್ 8 ಬರುವುದು ತಪ್ಪುವುದಿಲ್ಲ, ಮನೆಗಿಷ್ಟು ತೆನೆ ಬೇಕೇ ಬೇಕು. ಗದ್ದೆಯಿಲ್ಲದ ಪೇಟೆಯ ಇಗರ್ಜಿಗಳಿಗೆ ಹಳ್ಳಿಯ ಗದ್ದೆಯಿಂದ ತೆನೆ ತರಿಸಬೇಕು. ಕೆಲವು ಕಡೆ ಇಗರ್ಜಿಯ ಪಕ್ಕದ ಹಡಿಲು ಗದ್ದೆಯಲ್ಲಿ ಯುವಕರು ಕೆಸರಿಗಿಳಿದು ನಾಟಿ ಮಾಡುತ್ತಾರೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಗನ ಪಾಲನ್ನು ತಾಯಿ ಮರೆಯುವುದಿಲ್ಲ. ಆಶೀರ್ವಾದದ ತೆನೆಯ ನಾಲ್ಕು ಕಾಳು ಬಿಡಿಸಿ, ಒಣಗಿಸಿ, ಕಾಗದದಲ್ಲಿ ಮಡಿಸಿ ಅಂಚೆಗೆ ಹಾಕುತ್ತಾಳೆ. ಅಲ್ಲಿ ಅದನ್ನು ಅರೆದು ಪಾಕೆಟ್ ಹಾಲಿಗೆ ಬೆರೆಸಿ ಕುಡಿಯುತ್ತಾರೆ.